ಗಾಜನೂರಿನ ಮುತ್ತುರಾಜ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟು ನಂಜನಗೂಡನ್ನು ದಾಟಿದರೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಗುಂಡ್ಲುಪೇಟೆಯ ಕಡೆಗೆ ಸಾಗಿ, ಬಂಡೀಪುರದ ಕಾಡನ್ನು ಹೊಕ್ಕು, ನೀಲಗಿರಿಯನ್ನೇರುತ್ತದೆ. ಇನ್ನೊಂದು ಕವಲು ಚಾಮರಾಜನಗರವನ್ನು ಮುಟ್ಟಿ, ಅಲ್ಲಿಂದ ಮುಂದೆ ಸತ್ಯಮಂಗಲದ ಕಣಿವೆಗಳತ್ತ ಇಳಿಯುತ್ತದೆ. ಈ ಎರಡು ದಾರಿಗಳ ನಡುವೆಯೂ ಆಚೆಯೂ ಹರಡಿರುವ ಸೀಮೆ ಮಳೆಯನ್ನೇ ನೆಚ್ಚಿಕೊಂಡ ಬಯಲು ನಾಡು. ರಾಗಿ, ಜೋಳ, ಹುರುಳಿ ಬೆಳೆಯುವ ಹೊಲಗಳು. ಹೊಲದಂಚಿನಲ್ಲೇ ಕುರುಚಲು ಕಾಡು. ಕಾಡಿನಾಚೆ ನೀಲಿಯಾಗಿ ನಿಂತ ಬೆಟ್ಟಗಳ ಸಾಲು. ಪಡುವಲಿಗೆ ಹಿಮವದ್ಗೋಪಾಲಸ್ವಾಮಿ ಬೆಟ್ಟ, ಮೂಡಲಿಗೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆಯ ಮಹದೇಶ್ವರನ ಏಳುಮಲೆ. ಬೆಟ್ಟದ ಮೇಲೆ ದೇವರು, ಬೆಟ್ಟದ ಕೆಳಗೆ ಬಡತನ, ಇವೆರಡರ ನಡುವೆ ಹಾಡು. ಈ ಸೀಮೆಯ ಬಾಳನ್ನು ಹೀಗೆ ಮೂರು ಮಾತಿನಲ್ಲಿ ಹೇಳಿಬಿಡಬಹುದು.

ಹಾಡು ಎಂದೆವು. ಅದು ಸುಮ್ಮನೆ ಹೊತ್ತು ಕಳೆಯುವ ಹಾಡಲ್ಲ. ಕಂಚಿನ ತಾಳವನ್ನು ಬೀಸಿ ಕುಟ್ಟುತ್ತ ಮಾದಪ್ಪನ ಮಹಿಮೆಯನ್ನು ಹಾಡುವ ಕಂಸಾಳೆಯವರು, ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ಬೆಳಗಿನವರೆಗೂ ಹೇಳುವ ನೀಲಗಾರರು, ಗೊರುಕನ ಕುಣಿಯುವ ಸೋಲಿಗರು ಹುಟ್ಟಿಬೆಳೆದ ನೆಲ ಇದು. ಇಲ್ಲಿ ಓದು ಬಾರದವರೂ ಸಾವಿರಾರು ಸಾಲುಗಳ ಕಾವ್ಯವನ್ನು ನಾಲಗೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಅಕ್ಷರ ಅರಿಯದ ಮನುಷ್ಯ ಭಾಷೆಯನ್ನೂ ಅರಿಯನೆಂದು ಭಾವಿಸುವವರು ಒಮ್ಮೆ ಈ ಸೀಮೆಯ ಜಾತ್ರೆಗಳಿಗೆ ಬರಬೇಕು.

ಇಂತಹ ನೆಲದಲ್ಲಿ, 1929ನೆಯ ಇಸವಿಯ ಏಪ್ರಿಲ್ 24ರಂದು, ಗಾಜನೂರೆಂಬ ಪುಟ್ಟ ಹಳ್ಳಿಯಲ್ಲಿ ಒಂದು ಗಂಡುಮಗು ಜನಿಸಿತು. ತಾಯಿ ಲಕ್ಷ್ಮಮ್ಮ, ಗಾಜನೂರು ಆಕೆಯ ತವರು. ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು, ವೃತ್ತಿಯಿಂದ ನಾಟಕದ ನಟರು. ಮಗುವಿಗೆ ಮುತ್ತುರಾಜನೆಂದು ಹೆಸರಿಟ್ಟರು. ಮುಂದೆ ರಾಜ್‌ಕುಮಾರ್ ಎಂಬ ಹೆಸರಿನಿಂದ ಐವತ್ತು ವರ್ಷಗಳ ಕಾಲ ಕನ್ನಡ ಚಿತ್ರರಂಗವನ್ನು ಬೆಳಗಿದವರು, ನಾಡಿನ ಮನೆಮನೆಯಲ್ಲೂ ಅಣ್ಣಾವ್ರು ಎನಿಸಿಕೊಂಡವರು ಇವರೇ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲಕ್ಕೆ ತಾಯಿಯ ಊರೂ ತಂದೆಯ ಊರೂ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಕೊಳ್ಳೇಗಾಲ ಸೀಮೆಯೂ ಗಾಜನೂರಿರುವ ತಾಳವಾಡಿ ಸೀಮೆಯೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಅಲ್ಲೇ ಉಳಿಯಿತು. ಒಂದೇ ದಿನದಲ್ಲಿ ತಂದೆಯ ಊರು ಗಡಿಯ ಈಚೆಗೂ ತಾಯಿಯ ಊರು ಗಡಿಯ ಆಚೆಗೂ ಆದವು. ಚಾಮರಾಜನಗರದ ಸಂತೆಗೆ ಬಂದು ಹೋಗುವ, ಕನ್ನಡವನ್ನೇ ಆಡುವ, ಮಾದಪ್ಪನಿಗೇ ಹರಕೆ ಹೊರುವ ಗಾಜನೂರು ಇಂದಿಗೂ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಕನ್ನಡದ ದನಿಯೆಂದು ನಾಡು ಯಾರನ್ನು ಒಪ್ಪಿಕೊಂಡಿತೋ ಅವರು ಹುಟ್ಟಿದ ಮನೆ ಕರ್ನಾಟಕದ ನಕ್ಷೆಯಲ್ಲಿಲ್ಲ. ನಕ್ಷೆಯ ಗೆರೆ ಬೇರೆ, ನಾಲಗೆಯ ಮೇಲಿನ ನುಡಿ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹೆಸರಾಂತ ನಟರಾಗಿದ್ದರು. ಹಿರಣ್ಯಕಶಿಪು, ಕಂಸ ಮುಂತಾದ ರೌದ್ರಪಾತ್ರಗಳಲ್ಲಿ ಅವರು ರಂಗಕ್ಕೆ ಬಂದರೆ ಕಂಠದ ಗಾಂಭೀರ್ಯಕ್ಕೆ ಸಭೆ ಬೆರಗಾಗುತ್ತಿತ್ತು. ಆದರೆ ಕಂಪನಿ ನಾಟಕದವರ ಬದುಕು ಅಲೆದಾಟದ ಬದುಕು. ಊರಿಂದೂರಿಗೆ ಸಾಮಾನು ಹೇರಿಕೊಂಡು ಹೋಗುವುದು, ಕಲೆಕ್ಷನ್ ಆದ ದಿನ ಹಬ್ಬ, ಆಗದ ದಿನ ಉಪವಾಸ. ಮನೆಯಲ್ಲಿ ಹಣವಿರಲಿಲ್ಲ. ಮುತ್ತುರಾಜ, ತಮ್ಮ ವರದರಾಜ, ತಂಗಿಯರಾದ ಶಾರದಮ್ಮ, ನಾಗಮ್ಮ ಇವರೆಲ್ಲರೂ ಕೊರತೆಯ ನಡುವೆಯೇ ಬೆಳೆದರು. ಮುತ್ತುರಾಜನ ಶಾಲೆಯ ಓದು ಪ್ರಾಥಮಿಕ ತರಗತಿಗಳನ್ನು ದಾಟಲಿಲ್ಲ. ಎಂಟರ ವಯಸ್ಸಿನ ಹೊತ್ತಿಗೆ ಹುಡುಗ ತಂದೆಯ ಕೈಹಿಡಿದು ನಾಟಕದ ಕಂಪನಿಯನ್ನು ಸೇರಿದನು.

ಶಾಲೆ ತಪ್ಪಿತು, ಕಲಿಕೆ ತಪ್ಪಲಿಲ್ಲ. ಅಂದಿನ ವೃತ್ತಿ ನಾಟಕದ ಕಂಪನಿಗಳು ಒಂದು ಬಗೆಯ ಗುರುಕುಲಗಳಾಗಿದ್ದವು. ಅಲ್ಲಿಗೆ ಸೇರಿದ ಹುಡುಗರು ಕೆಲವೊಮ್ಮೆ ಬಾಲಪಾತ್ರ, ಕೆಲವೊಮ್ಮೆ ಗುಂಪಿನಲ್ಲೊಬ್ಬನ ಪಾತ್ರ ಮಾಡುತ್ತ, ಹಿರಿಯರಿಗೆ ಕೈನೆರವಾಗಿರುತ್ತ, ಪರದೆಯ ಪಕ್ಕದಲ್ಲಿ ನಿಂತು ನೋಡಿನೋಡಿಯೇ ಕಲೆಯನ್ನು ಕಲಿಯಬೇಕಾಗಿತ್ತು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಪ್ರತಿಯೊಂದು ಅಕ್ಷರ ಕೇಳಿಸಬೇಕಾಗಿತ್ತು. ನಟನಾದವನು ಹಾಡಲೂ ಬೇಕಿತ್ತು. ಹಾಡಿನ ನಡುವೆ ಉಸಿರು ಹಿಡಿಯುವುದು ಹೇಗೆ, ಮಾತಿನ ನಡುವೆ ಮೌನವನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಹಿರಿಯ ನಟ ಮಾತಾಡುವಾಗ ಕಿರಿಯ ನಟ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅಲ್ಲಿನ ಪಾಠಗಳು. ಇದರ ಜೊತೆಗೆ ಇನ್ನೊಂದು ಪಾಠವೂ ಇತ್ತು. ರಾತ್ರಿ ಕಿರೀಟ ತೊಟ್ಟು ಚಕ್ರವರ್ತಿಯಾದವನು ಬೆಳಿಗ್ಗೆ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಕಿರೀಟ ಪಾತ್ರದ್ದು, ತಲೆ ಮಾತ್ರ ತನ್ನದು ಎಂಬ ತಿಳಿವು ಹುಡುಗನಿಗೆ ಅಲ್ಲಿಯೇ ಬಂದಿರಬೇಕು.

ಉಚ್ಚಾರಣೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ. ಚಾಮರಾಜನಗರ, ಗುಂಡ್ಲುಪೇಟೆಗಳ ಆಡುಮಾತು ಸೊಗಸಾದದ್ದು, ಬಳುಕುಳ್ಳದ್ದು. ಆದರೆ ಅದರಲ್ಲಿ ಹಕಾರ ಅಕಾರವಾಗಿ ಸವೆಯುತ್ತದೆ, ಮಹಾಪ್ರಾಣಗಳು ಅಲ್ಪಪ್ರಾಣಗಳಾಗುತ್ತವೆ, ಶಕಾರ ಷಕಾರಗಳು ಸಕಾರದಲ್ಲಿ ಕರಗಿಹೋಗುತ್ತವೆ. ಇದು ದೋಷವಲ್ಲ, ಆಡುನುಡಿಯ ಸಹಜ ಗತಿ. ಆದರೆ ಪೌರಾಣಿಕ ನಾಟಕದ ಮಾತಿಗೆ ಆ ಅಕ್ಷರಗಳೆಲ್ಲವೂ ಬೇಕು. ಹಳ್ಳಿಯ ನುಡಿಯನ್ನು ಹೊತ್ತುಕೊಂಡು ಬಂದ ಹುಡುಗ ಕಂಪನಿಯ ಸಾಧನೆಯಿಂದ ಪ್ರತಿಯೊಂದು ವರ್ಣವನ್ನೂ ಅದರ ಸ್ಥಾನದಲ್ಲಿಟ್ಟು ನುಡಿಯುವುದನ್ನು ಕಲಿತನು. ಮುಂದೆ ಶ್ರೀ ಕೃಷ್ಣದೇವರಾಯ, ಇಮ್ಮಡಿ ಪುಲಿಕೇಶಿ, ಬಭ್ರುವಾಹನ ಮುಂತಾದ ಚಿತ್ರಗಳಲ್ಲಿ ಉದ್ದುದ್ದ ಸಮಾಸಗಳ ಮಾತುಗಳನ್ನು ಅವರು ನೀರು ಕುಡಿದಷ್ಟು ಸುಲಭವಾಗಿ ಆಡಿದಾಗ ಪಂಡಿತರೂ ತಲೆದೂಗಿದರು. ನನ್ನಂತಹ ಶಿಕ್ಷಕರು ತರಗತಿಯಲ್ಲಿ ತಿಂಗಳುಗಟ್ಟಲೆ ತಿದ್ದಿದರೂ ಸರಿಹೋಗದ ಉಚ್ಚಾರಣೆಯನ್ನು ಮಕ್ಕಳು ಅವರ ಚಿತ್ರಗಳ ಮಾತುಗಳನ್ನು ಅನುಕರಿಸುತ್ತಲೇ ಸರಿಪಡಿಸಿಕೊಂಡದ್ದುಂಟು. ವಿಶೇಷವೆಂದರೆ, ಹೀಗೆ ಗ್ರಂಥದ ಕನ್ನಡವನ್ನು ಗೆದ್ದ ಮೇಲೂ ಅವರು ತಮ್ಮ ಸೀಮೆಯ ಆಡುಮಾತನ್ನು ಬಿಡಲಿಲ್ಲ. ಮನೆಯಲ್ಲಿ, ಬಂಧುಗಳ ನಡುವೆ, ಊರಿನವರ ಮುಂದೆ ಅವರ ಬಾಯಲ್ಲಿ ಗಾಜನೂರಿನ ನುಡಿಯೇ ಇರುತ್ತಿತ್ತು. ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲವೆಂದು ಅವರು ಬಾಳಿ ತೋರಿಸಿದರು.

1951ರಲ್ಲಿ ಪುಟ್ಟಸ್ವಾಮಯ್ಯನವರು ತೀರಿಕೊಂಡರು. ಇಪ್ಪತ್ತೆರಡರ ಮುತ್ತುರಾಜರ ಹೆಗಲಿಗೆ ಸಂಸಾರದ ಭಾರ ಬಿದ್ದಿತು. ಎಂ. ವಿ. ಸುಬ್ಬಯ್ಯ ನಾಯ್ಡು ಅವರ ನಾಟಕ ಮಂಡಳಿಯಲ್ಲಿಯೂ ಅವರು ದುಡಿದರು. 1952ರಲ್ಲಿ ತೆರೆಕಂಡ ಶ್ರೀ ಶ್ರೀನಿವಾಸ ಕಲ್ಯಾಣ ಚಿತ್ರದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಒಂದು ಸಣ್ಣ ಪಾತ್ರ ದೊರೆಯಿತು. 1953ರ ಜೂನ್ 25ರಂದು ನಂಜನಗೂಡಿನಲ್ಲಿ ಸಾಲಿಗ್ರಾಮದ ಪಾರ್ವತಮ್ಮನವರೊಡನೆ ಅವರ ವಿವಾಹವಾಯಿತು. ವರನ ಕೈಯಲ್ಲಿ ಆಗ ಇದ್ದದ್ದು ಕಲೆಯೊಂದೇ.

ಮರುವರ್ಷ ಅದೃಷ್ಟದ ಬಾಗಿಲು ತೆರೆಯಿತು. ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಎಂಬ ಚಿತ್ರಕ್ಕೆ ನಾಯಕನನ್ನು ಹುಡುಕುತ್ತಿದ್ದರು. ಅವರ ಕಣ್ಣಿಗೆ ಮುತ್ತುರಾಜರು ಬಿದ್ದರು. ಮುತ್ತುರಾಜ ಎಂಬ ಹೆಸರನ್ನು ರಾಜ್‌ಕುಮಾರ್ ಎಂದು ಬದಲಾಯಿಸಿದವರೂ ಸಿಂಹ ಅವರೇ. ಕಾಡಿನ ಬೇಡನೊಬ್ಬ ಶಾಸ್ತ್ರವನ್ನರಿಯದೆ, ಮಂತ್ರವನ್ನರಿಯದೆ, ತನಗೆ ದಕ್ಕಿದ್ದನ್ನೇ ಶಿವನಿಗೆ ಅರ್ಪಿಸಿ, ಕೊನೆಗೆ ತನ್ನ ಕಣ್ಣನ್ನೇ ಕಿತ್ತುಕೊಡುವ ಕಥೆ ಅದು. ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿ, ಓದು ಬಾರದ ಭಕ್ತರ ಹಾಡುಗಳನ್ನು ಕೇಳುತ್ತ ಬೆಳೆದವರಿಗೆ ಆ ಪಾತ್ರ ಪರಕೀಯವಾಗಿರಲಿಲ್ಲ. 1954ರಲ್ಲಿ ಚಿತ್ರ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಒಂದೇ ಚಿತ್ರದಿಂದ ರಾಜ್‌ಕುಮಾರ್ ಎಂಬ ಹೆಸರು ನಾಡಿಗೆಲ್ಲ ತಿಳಿಯಿತು. ಅದೇ ಚಿತ್ರದ ತೆಲುಗು ರೂಪದಲ್ಲಿ ಅವರು ಅಭಿನಯಿಸಿದರು. ಅದನ್ನು ಬಿಟ್ಟರೆ ಬೇರಾವ ಭಾಷೆಯ ಚಿತ್ರಕ್ಕೂ ಅವರು ಬಣ್ಣ ಹಚ್ಚಲಿಲ್ಲ. ಅನ್ಯಭಾಷೆಗಳ ಮೇಲಿನ ತಿರಸ್ಕಾರದಿಂದ ಹೀಗೆ ಮಾಡಿದರೆಂದು ತಿಳಿಯಬಾರದು. ತನ್ನ ನಾಲಗೆ ಯಾವ ನುಡಿಯಲ್ಲಿ ಸತ್ಯವಾಗಿರಬಲ್ಲದೋ ಆ ನುಡಿಗೇ ನಿಷ್ಠರಾಗಿ ಉಳಿದರು, ಅಷ್ಟೆ.

ಆ ನಿಷ್ಠೆ ಅಂದು ಸುಲಭದ್ದಾಗಿರಲಿಲ್ಲ. ಕನ್ನಡ ಚಿತ್ರಗಳು ಆಗ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು. ಅವುಗಳಿಗೂ ಬಂಡವಾಳ ಹಾಕುವವರು ವಿರಳ. ಚಿತ್ರವಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮುಂತಾದ ಕಲಾವಿದರು ಒಟ್ಟುಗೂಡಿ ಊರೂರು ಸುತ್ತಿ ನಾಟಕವಾಡಿ ಹೊಟ್ಟೆ ಹೊರೆದರು. ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡು, ಕೂಡಿಸಿದ ಹಣದಿಂದ, ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಥೆಯನ್ನು ರಣಧೀರ ಕಂಠೀರವ ಎಂಬ ಚಿತ್ರವಾಗಿ 1960ರಲ್ಲಿ ತೆರೆಗೆ ತಂದರು. ಕೂಲಿಗಾರರೇ ಕೂಡಿ ಕೆರೆ ಕಟ್ಟಿದಂತಹ ಸಾಹಸ ಅದು. ಹಳ್ಳಿಯ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುತ್ತದೆ. ಒಬ್ಬನ ಹೊಲಕ್ಕೆ ಊರೇ ಇಳಿಯುತ್ತದೆ. ನಾಳೆ ಇನ್ನೊಬ್ಬನ ಹೊಲಕ್ಕೆ ಆತ ಇಳಿಯುತ್ತಾನೆ.

ಅಲ್ಲಿಂದ ಮುಂದೆ ರಾಜ್‌ಕುಮಾರ್ ಹಿಂದಿರುಗಿ ನೋಡಲಿಲ್ಲ. ಭಕ್ತ ಕನಕದಾಸ, ಸತ್ಯ ಹರಿಶ್ಚಂದ್ರ, ಮಂತ್ರಾಲಯ ಮಹಾತ್ಮೆ, ಭಕ್ತ ಕುಂಬಾರ ಚಿತ್ರಗಳಲ್ಲಿ ಸಂತರಾಗಿ, ಸತ್ಯಸಂಧರಾಗಿ ಜನರ ಕಣ್ಣಲ್ಲಿ ನೀರು ತರಿಸಿದರು. 1968ರಲ್ಲಿ ಭಾಗ್ಯದ ಬಾಗಿಲು ಚಿತ್ರದೊಂದಿಗೆ ಅವರ ಚಿತ್ರಗಳ ಸಂಖ್ಯೆ ನೂರನ್ನು ಮುಟ್ಟಿತು. 1988ರಲ್ಲಿ ದೇವತಾ ಮನುಷ್ಯ ಚಿತ್ರದೊಂದಿಗೆ ಇನ್ನೂರಾಯಿತು. ಅರಸ, ಆಳು, ಅಧ್ಯಾಪಕ, ಗೂಢಚಾರ, ರೈತ, ಕವಿ, ಹೀಗೆ ಅವರು ತಾಳದ ವೇಷ ವಿರಳ.

ಈ ಸಾಲಿನಲ್ಲಿ ಕೆಲವು ಪಾತ್ರಗಳು ಅವರ ನೆಲದ ಋಣವನ್ನು ನೇರವಾಗಿ ತೀರಿಸಿದಂತಿವೆ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಬಂಗಾರದ ಮನುಷ್ಯ 1972ರಲ್ಲಿ ಬಂದಿತು. ಓದಿದ ತರುಣನೊಬ್ಬ ಪೇಟೆಯ ನೌಕರಿಯನ್ನು ಬಯಸದೆ ಅಕ್ಕನ ಸಂಸಾರಕ್ಕೆ ಆಸರೆಯಾಗಿ ಹಳ್ಳಿಯಲ್ಲಿ ನಿಂತು, ಬಂಜರು ನೆಲವನ್ನು ಬೆವರಿನಿಂದ ಹಸನು ಮಾಡುವ ಕಥೆ. ಆ ಚಿತ್ರವನ್ನು ನೋಡಿ ಎಷ್ಟೋ ತರುಣರು ಬೇಸಾಯಕ್ಕೆ ಮರಳಿದರೆಂದು ನಾಡಿನ ಜನ ಇಂದಿಗೂ ನೆನೆಯುತ್ತಾರೆ. 1973ರಲ್ಲಿ ಬಂದ ಗಂಧದ ಗುಡಿಯಲ್ಲಿ ಅವರು ಅರಣ್ಯಾಧಿಕಾರಿಯಾಗಿ, ಮರಗಳ್ಳರನ್ನು ಎದುರಿಸಿ ಕಾಡನ್ನೂ ಕಾಡುಪ್ರಾಣಿಗಳನ್ನೂ ಕಾಯುವ ಪಾತ್ರವಹಿಸಿದರು. ಪರಿಸರದ ರಕ್ಷಣೆಯ ಮಾತು ಇನ್ನೂ ಜನರ ಬಾಯಿಗೆ ಬಾರದಿದ್ದ ಕಾಲದಲ್ಲಿ ಮಕ್ಕಳಿಗೂ ತಿಳಿಯುವಂತೆ ಕಾಡಿನ ಮಾತನ್ನು ಹೇಳಿದ ಚಿತ್ರ ಅದು. 1977ರ ಸನಾದಿ ಅಪ್ಪಣ್ಣದಲ್ಲಿ ಹಳ್ಳಿಯ ಬಡ ಸನಾದಿ ವಾದಕನ ಪಾತ್ರ. ಆ ಪಾತ್ರದ ಸನಾದಿಯ ದನಿಗೆ ಉಸಿರು ಕೊಟ್ಟವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್. ಹೊಲದ ರೈತನಾಗಲಿ, ಕಾಡಿನ ಕಾವಲಿನವನಾಗಲಿ, ಊರಿನ ವಾದ್ಯಗಾರನಾಗಲಿ ಅವರಿಗೆ ಪುಸ್ತಕದಿಂದ ತಿಳಿಯಬೇಕಾದ ಜನರಾಗಿರಲಿಲ್ಲ. ಬಾಲ್ಯದಲ್ಲಿ ಜೊತೆಯಲ್ಲೇ ಬಾಳಿದವರಾಗಿದ್ದರು.

1983ರಲ್ಲಿ ತೆರೆಕಂಡ ಭಕ್ತ ಪ್ರಹ್ಲಾದ ಚಿತ್ರವನ್ನು ಇಲ್ಲಿ ಬೇರೆಯಾಗಿಯೇ ನೆನೆಯಬೇಕು. ಅದರಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪುವಾದರು. ರಂಗದ ಮೇಲೆ ತಂದೆಗೆ ಕೀರ್ತಿ ತಂದ ಪಾತ್ರ ಅದೇ. ಪರದೆಯ ಪಕ್ಕದಲ್ಲಿ ನಿಂತು ತಂದೆಯ ಗರ್ಜನೆಯನ್ನು ಕೇಳಿ ಬೆರಗಾದ ಹುಡುಗ ಐವತ್ತನ್ನು ದಾಟಿದ ಮೇಲೆ ಅದೇ ಗರ್ಜನೆಯನ್ನು ತನ್ನ ಕಂಠದಲ್ಲಿ ಎತ್ತಿದರು. ಎದುರಿಗೆ ಪ್ರಹ್ಲಾದನಾಗಿ ಕೈಮುಗಿದು ನಿಂತವನು ಅವರ ಕಿರಿಯ ಮಗ, ಮುಂದೆ ಪುನೀತ್ ರಾಜ್‌ಕುಮಾರ್ ಎಂದು ಹೆಸರಾದ ಬಾಲಕ. ಸಿಂಗಾನಲ್ಲೂರಿನ ಒಬ್ಬ ಬಡ ನಟನ ಕಲೆ ಮೂರು ತಲೆಮಾರುಗಳನ್ನು ಒಂದೇ ಕಥೆಯಲ್ಲಿ ಕೂಡಿಸಿತು. ತಂದೆಯನ್ನು ನೆನೆಯಲು ಮಗನಿಗೆ ಇದಕ್ಕಿಂತ ಹಿರಿದಾದ ಶ್ರಾದ್ಧ ಇನ್ನೊಂದಿಲ್ಲ.

ಅವರು ಗಾಯಕರಾಗಿಯೂ ಬೆಳೆದ ಬಗೆ ವಿದ್ಯಾರ್ಥಿಗಳಿಗೆ ಪಾಠವಾಗುವಂತಹದು. ನಾಟಕದಲ್ಲಿ ಹಾಡಿ ಪಳಗಿದ್ದರೂ ಚಿತ್ರಗಳಲ್ಲಿ ಬಹುಕಾಲ ಅವರ ಹಾಡುಗಳಿಗೆ ಪಿ. ಬಿ. ಶ್ರೀನಿವಾಸ್ ಅವರ ಮಧುರ ಕಂಠವೇ ಆಧಾರವಾಗಿತ್ತು. 1974ರ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ಎಮ್ಮೆಯ ಬೆನ್ನೇರಿ ಹಾಡುವ ಒಂದು ಹಳ್ಳಿಗಾಡಿನ ಹಾಡನ್ನು ತಾವೇ ಹಾಡಿದರು. ಅದು ನಾಡಿನ ತುಂಬ ಮೊಳಗಿತು. ನಲವತ್ತೈದರ ವಯಸ್ಸಿನಲ್ಲಿ ಹೀಗೆ ಹೊಸದೊಂದು ದಾರಿ ತೆರೆದಾಗ ಜನಪ್ರಿಯತೆಯೊಂದನ್ನೇ ನೆಚ್ಚಿ ಕೂರಲಿಲ್ಲ. ನಿತ್ಯ ಸಾಧನೆ ಮಾಡಿದರು. ನಡುವಯಸ್ಸಿನಲ್ಲಿ ಯೋಗಾಸನಗಳನ್ನು ಕಲಿತು ಶರೀರವನ್ನು ಹದದಲ್ಲಿಟ್ಟುಕೊಂಡರು. 1992ರ ಜೀವನ ಚೈತ್ರ ಚಿತ್ರದಲ್ಲಿ ಹಾಡಿದ ಶಾಸ್ತ್ರೀಯ ಸಂಗೀತದ ಗೀತೆಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಆಗ ಅವರ ವಯಸ್ಸು ಅರವತ್ತನ್ನು ಮೀರಿತ್ತು.

ಗೌರವಗಳು ತಾವಾಗಿ ಅರಸಿ ಬಂದವು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1983ರಲ್ಲಿ ಪದ್ಮಭೂಷಣ ಬಂದಿತು. 1992ರಲ್ಲಿ ಕರ್ನಾಟಕ ಸರ್ಕಾರ ಕರ್ನಾಟಕ ರತ್ನವೆಂಬ ಪ್ರಶಸ್ತಿಯನ್ನು ಸ್ಥಾಪಿಸಿ ಮೊದಲಿಗೆ ಗೌರವಿಸಿದ ಇಬ್ಬರಲ್ಲಿ ಒಬ್ಬರು ಕವಿ ಕುವೆಂಪು, ಇನ್ನೊಬ್ಬರು ರಾಜ್‌ಕುಮಾರ್. 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರದಾಯಿತು. ಪ್ರಾಥಮಿಕ ಶಾಲೆಯನ್ನೇ ಮುಗಿಸದವರು ವಿಶ್ವವಿದ್ಯಾನಿಲಯದ ವೇದಿಕೆಯ ಮೇಲೆ ನಿಂತಾಗಲೂ ತಾವು ಓದಿದವರಲ್ಲವೆಂಬುದನ್ನು ಮುಚ್ಚಿಡಲಿಲ್ಲ. ಓದನ್ನು ಹಗುರವಾಗಿ ಕಾಣಲೂ ಇಲ್ಲ. ವಿದ್ವಾಂಸರನ್ನು, ಕವಿಗಳನ್ನು, ಶಿಕ್ಷಕರನ್ನು ಕಂಡರೆ ಕೈಮುಗಿದು ನಿಲ್ಲುವುದು ಅವರ ಸ್ವಭಾವವಾಗಿತ್ತು. ತಮಗೆ ದೊರೆಯದೆ ಹೋದ ಸಂಪತ್ತು ಯಾವುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಅರಿವು ಪರೀಕ್ಷೆಗೆ ಒಳಗಾದ ಸಂದರ್ಭವೂ ಬಂದಿತು. ಪ್ರೌಢಶಾಲೆಗಳಲ್ಲಿ ಕನ್ನಡದ ಸ್ಥಾನವೇನಿರಬೇಕೆಂದು ಪರಿಶೀಲಿಸಲು ಸರ್ಕಾರ 1980ರಲ್ಲಿ ಡಾ. ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕೆಂದು ಸಮಿತಿ 1981ರಲ್ಲಿ ವರದಿಯಿತ್ತಿತು. ವರದಿ ಜಾರಿಗೆ ಬರದಿದ್ದಾಗ ಸಾಹಿತಿಗಳೂ ಅಧ್ಯಾಪಕರೂ ವಿದ್ಯಾರ್ಥಿಗಳೂ ಚಳವಳಿಗಿಳಿದರು. ಹಿರಿಯರ ಕರೆಗೆ ಓಗೊಟ್ಟು 1982ರಲ್ಲಿ ರಾಜ್‌ಕುಮಾರ್ ಚಳವಳಿಯನ್ನು ಸೇರಿದರು. ಚಿತ್ರೀಕರಣಗಳನ್ನು ಬದಿಗಿಟ್ಟು ನಾಡನ್ನು ಸುತ್ತಿ ಊರೂರಿನಲ್ಲಿ ಮಾತನಾಡಿದರು. ಪಂಡಿತರ ಸಭೆಗಳಲ್ಲಿದ್ದ ಚರ್ಚೆ ಹೊಲದ ಬದುವಿಗೂ ಸಂತೆಯ ಬೀದಿಗೂ ಬಂದಿತು. ಅದೇ ವರ್ಷ ಸರ್ಕಾರ ಕನ್ನಡಕ್ಕೆ ಆದ್ಯತೆ ನೀಡುವ ಆದೇಶ ಹೊರಡಿಸಿತು. ಅಂದು ಅವರ ಹಿಂದೆ ನಿಂತ ಜನಸಮುದಾಯವನ್ನು ಕಂಡವರು ಅವರು ರಾಜಕೀಯಕ್ಕೆ ಬರುವರೆಂದೇ ತಿಳಿದಿದ್ದರು. ಅವರು ಬರಲಿಲ್ಲ. ಯಾವ ಚುನಾವಣೆಗೂ ನಿಲ್ಲಲಿಲ್ಲ. ಯಾವ ಪಕ್ಷವನ್ನೂ ಸೇರಲಿಲ್ಲ. ಕರೆದ ಕೆಲಸವನ್ನು ಮುಗಿಸಿ ಬಣ್ಣದ ಕೋಣೆಗೆ ಹಿಂದಿರುಗಿದರು.

ಅವರ ಮನೆತನದ ಬಾಳೂ ಹಳ್ಳಿಯ ಅವಿಭಕ್ತ ಕುಟುಂಬದ ಮಾದರಿಯದೇ. ತಮ್ಮ ವರದರಾಜರು ಅಣ್ಣನ ಕಥೆಗಳನ್ನು ಆರಿಸುವುದರಿಂದ ಹಿಡಿದು ವ್ಯವಹಾರದವರೆಗೆ ನೆರಳಿನಂತೆ ಜೊತೆಗಿದ್ದರು. ಪಾರ್ವತಮ್ಮನವರು ತುಂಬಿದ ಮನೆಯನ್ನು ತೂಗಿಸಿದ್ದಲ್ಲದೆ ಸ್ವತಃ ನಿರ್ಮಾಪಕಿಯಾಗಿ, 1975ರ ತ್ರಿಮೂರ್ತಿಯಿಂದ ಆರಂಭಿಸಿ ಅನೇಕ ಚಿತ್ರಗಳನ್ನು ತಯಾರಿಸಿದರು. ಮೈಸೂರಿನಲ್ಲಿ ನೊಂದ ಹೆಣ್ಣುಮಕ್ಕಳಿಗೆ ಆಶ್ರಯವಾದ ಶಕ್ತಿಧಾಮಕ್ಕೆ ಈ ದಂಪತಿಗಳು ಆಸರೆಯಾದರು. ರಾಜ್‌ಕುಮಾರರ ಉಡುಪು ಬಿಳಿಯ ಪಂಚೆ, ಬಿಳಿಯ ಅಂಗಿ. ಅಭಿಮಾನಿಗಳನ್ನು ಅವರು ದೇವರೆಂದು ಕರೆದರು. ಕೆಲವರಿಗೆ ಇದು ಅತಿಯೆನಿಸಿರಬಹುದು. ಆದರೆ ಮನೆಬಾಗಿಲಿಗೆ ಬಂದ ನೀಲಗಾರನಲ್ಲಿ, ಗುಡ್ಡನಲ್ಲಿ ದೇವರನ್ನೇ ಕಂಡು ಮೊರದಲ್ಲಿ ರಾಗಿ ತಂದು ನೀಡುವ ಸೀಮೆಯಿಂದ ಬಂದವರ ಬಾಯಿಗೆ ಆ ಮಾತು ಸಹಜವಾದದ್ದು. ಜನರೂ ಅವರನ್ನು ದೊಡ್ಡ ಬಿರುದುಗಳಿಂದ ಕರೆಯುವುದಕ್ಕಿಂತ ಹೆಚ್ಚಾಗಿ ಅಣ್ಣನೆಂದು ಕರೆದರು. ವರನಟ, ನಟಸಾರ್ವಭೌಮ ಎಂಬ ಬಿರುದುಗಳು ವೇದಿಕೆಯ ಮೇಲೆ ಉಳಿದವು. ಅಣ್ಣಾವ್ರು ಎಂಬ ಹೆಸರು ಅಡುಗೆಮನೆಯವರೆಗೂ ಹೋಯಿತು.

ಮದರಾಸಿನಲ್ಲಿ ದೀರ್ಘಕಾಲ ಬಾಳಿ, ಅನಂತರ ಬೆಂಗಳೂರಿನಲ್ಲಿ ನೆಲೆಸಿದರೂ ಗಾಜನೂರಿನ ಹಂಬಲ ಅವರನ್ನು ಬಿಡಲಿಲ್ಲ. ಬಿಡುವಾದಾಗಲೆಲ್ಲ ಊರಿಗೆ ಹೋಗಿ, ತೋಟದ ಮನೆಯಲ್ಲಿ ತಂಗಿ, ಬಾಲ್ಯದ ಗೆಳೆಯರೊಡನೆ ಮಾತನಾಡುತ್ತ ಕೂರುವುದೇ ಅವರಿಗೆ ಹಬ್ಬ. ಆ ಹಂಬಲವೇ ಒಮ್ಮೆ ಅವರನ್ನು ಸಂಕಟಕ್ಕೆ ದೂಡಿತು. 2000ದ ಜುಲೈ 30ರ ರಾತ್ರಿ, ಗಾಜನೂರಿನ ಮನೆಯಲ್ಲಿದ್ದ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ ಸತ್ಯಮಂಗಲದ ಕಾಡಿಗೆ ಕರೆದೊಯ್ದನು. ಎಪ್ಪತ್ತೊಂದರ ವಯಸ್ಸಿನಲ್ಲಿ, ಮಳೆಯಲ್ಲಿ ನೆನೆಯುತ್ತ, ಬೆಟ್ಟದಿಂದ ಬೆಟ್ಟಕ್ಕೆ ನಡೆಯುತ್ತ ಅವರು 108 ದಿನಗಳನ್ನು ಕಾಡಿನಲ್ಲಿ ಕಳೆದರು. ಅಪಹರಿಸಿದವನೂ ಕೊಳ್ಳೇಗಾಲ ಸೀಮೆಯ ಕಾಡಂಚಿನ ಗೋಪಿನಾಥದಲ್ಲಿ ಹುಟ್ಟಿದವನು. ಒಂದೇ ಬೆಟ್ಟಸಾಲಿನ ನೆರಳಿನಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬ ಕಾಡನ್ನು ಲೂಟಿ ಮಾಡಿದನು. ಇನ್ನೊಬ್ಬರು ಕಾಡನ್ನು ಕಾಯುವ ಕಥೆಯನ್ನು ನಾಡಿಗೆ ಹೇಳಿದ್ದರು. ನೆಲ ಎಲ್ಲರಿಗೂ ಒಂದೇ ಬಗೆಯಲ್ಲಿ ಅನ್ನವಿಡುತ್ತದೆ; ಅದನ್ನುಂಡು ಏನಾಗಬೇಕೆಂಬುದು ಅವರವರಿಗೆ ಬಿಟ್ಟದ್ದು.

ಆ ದಿನಗಳಲ್ಲಿ ಎರಡು ರಾಜ್ಯಗಳ ಜನರ ನಡುವೆ ಕಹಿ ಬೆಳೆಯುವ ಭಯವಿತ್ತು. ಅಪಹರಣಕಾರನ ಬೇಡಿಕೆಗಳಲ್ಲಿ ಭಾಷೆಯ ವಿಷಯವೂ ಕಾವೇರಿಯ ವಿಷಯವೂ ಸೇರಿದ್ದವು. ನವೆಂಬರ್ 15ರಂದು ಬಿಡುಗಡೆಯಾಗಿ ಬಂದ ರಾಜ್‌ಕುಮಾರ್ ಒಂದೇ ಒಂದು ಕಟುವಾದ ಮಾತನ್ನು ಆಡಿದ್ದರೂ ಕಿಡಿ ಹೊತ್ತಿಕೊಳ್ಳುತ್ತಿತ್ತು. ಅವರು ಆಡಲಿಲ್ಲ. ಅನುಭವಿಸಿದ ಕಷ್ಟವನ್ನು ವನವಾಸವೆಂಬಂತೆ ಸ್ವೀಕರಿಸಿದರು. ತಮಿಳರ ನಡುವೆ ಹುಟ್ಟಿ, ತಮಿಳರ ನಗರದಲ್ಲಿ ದುಡಿದು, ಕನ್ನಡಕ್ಕಾಗಿ ಬಾಳಿದ ಅವರಿಗೆ ನೆರೆಯವನನ್ನು ದ್ವೇಷಿಸದೆಯೇ ತನ್ನ ನುಡಿಯನ್ನು ಪ್ರೀತಿಸಬಹುದೆಂಬುದು ಗೊತ್ತಿತ್ತು. ಗಡಿಯಂಚಿನ ಹಳ್ಳಿಗಳು ತಮ್ಮ ಮಕ್ಕಳಿಗೆ ಕಲಿಸುವ ಮೊದಲ ಪಾಠ ಅದೇ ಅಲ್ಲವೆ? ಅಲ್ಲಿ ಬೇಲಿಯಾಚೆಯ ಮನೆಯವನು ಬೇರೆ ನುಡಿಯವನಾದರೂ ಬಾವಿ ಒಂದೇ ಆಗಿರುತ್ತದೆ.

2006ರ ಏಪ್ರಿಲ್ 12ರಂದು ಬೆಂಗಳೂರಿನ ತಮ್ಮ ಮನೆಯಲ್ಲಿ ರಾಜ್‌ಕುಮಾರ್ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ದೇವರಿಗೆ ಕಣ್ಣನ್ನಿತ್ತ ಬೇಡನ ಪಾತ್ರದಿಂದ ನಾಡಿಗೆ ಪರಿಚಿತರಾದವರು ತಮ್ಮ ಕಣ್ಣುಗಳನ್ನು ಬದುಕಿರುವವರಿಗೆ ಬಿಟ್ಟುಹೋದರು. ಅವರನ್ನು ಅನುಸರಿಸಿ ನೇತ್ರದಾನಕ್ಕೆ ಮುಂದೆ ಬಂದವರು ಬಹಳ. ಕಂಠೀರವ ಸ್ಟುಡಿಯೋದ ಆವರಣದಲ್ಲಿ ಅವರ ಸಮಾಧಿಯಾಯಿತು. ಸಂಸ್ಕಾರದ ದಿನ ನಗರದಲ್ಲಿ ಗಲಭೆಗಳೆದ್ದು ಪ್ರಾಣಹಾನಿಯೂ ಆಯಿತೆಂಬುದು ವಿಷಾದದ ಸಂಗತಿ. ಪ್ರೀತಿ ಅಳತೆ ಮೀರಿದಾಗ ಅದಕ್ಕೆ ಸಂಯಮದ ಕಟ್ಟೆ ಬೇಕು. ಆ ಸಂಯಮವನ್ನು ಬಾಳಿನುದ್ದಕ್ಕೂ ತೋರಿದವರ ಅಂತ್ಯಯಾತ್ರೆಯಲ್ಲಿಯೇ ಅದು ಕಾಣೆಯಾದುದನ್ನು ಅವರ ಅಭಿಮಾನಿಗಳಾದವರು ಮರೆಯದೆ ನೆನಪಿನಲ್ಲಿಡಬೇಕು.

ಪ್ರೀತಿಪಾತ್ರರನ್ನು ನೆನೆಯುವುದೆಂದರೆ ಅವರ ಕೀರ್ತಿಯನ್ನು ಎಣಿಸುವುದಷ್ಟೇ ಅಲ್ಲ. ಅವರು ಎಲ್ಲಿಂದ ಬಂದರು, ಯಾರಿಂದ ಏನನ್ನು ಪಡೆದರು ಎಂಬುದನ್ನೂ ಅರಿಯಬೇಕು. ರಾಜ್‌ಕುಮಾರರ ಕಂಠ ತಂದೆಯದು. ತಾಳ್ಮೆ ತಾಯಿಯ ತವರಿನ ಬಡ ಹೊಲಗಳದು. ಶಿಸ್ತು ಗುಬ್ಬಿ ವೀರಣ್ಣನವರ ರಂಗದ್ದು. ಭಕ್ತಿ ಕಂಸಾಳೆಯ ತಾಳದ್ದು. ಇವೆಲ್ಲವನ್ನೂ ಸಾಲವಾಗಿ ಪಡೆದು, ಬಡ್ಡಿಸಹಿತವಾಗಿ ನಾಡಿಗೆ ತೀರಿಸಿದರು. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಮಕ್ಕಳು ತಮ್ಮ ಸೀಮೆಯನ್ನು ಹಿಂದುಳಿದ ಸೀಮೆಯೆಂದು ಯಾರಾದರೂ ಕರೆದಾಗ ತಲೆತಗ್ಗಿಸಬೇಕಾಗಿಲ್ಲ. ತಮ್ಮ ಮನೆಯ ಮಾತು ಒರಟೆಂದು ನಾಚಬೇಕಾಗಿಯೂ ಇಲ್ಲ. ಶಾಲೆಯ ಭಾಗ್ಯ ಸಿಗದವರೊಬ್ಬರು ಆ ಮಾತಿನಿಂದಲೇ ಹೊರಟು ಇಷ್ಟು ದೂರ ಸಾಗಿದರು. ಶಾಲೆಯ ಭಾಗ್ಯವೂ ಕೈಸೇರಿರುವ ನಾವು ಎಷ್ಟು ದೂರ ಸಾಗಬಹುದೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನಲ್ಲಿಯೇ ಕೇಳಿಕೊಳ್ಳಲಿ.